ವಾಸನೆ ಬಂದವರು ಕೈ ಎತ್ತಿ

"ನಾಳೆ ನನ್ನ ಪಾಠ ನೋಡಿ ಆ ಇನ್‌ಸ್ಪೆಕ್ಟರು ಮೂಗಿನ ಮೇಲೆ ಬೆರಳಿಡಲಿಲ್ಲ ಅಂದ್ರೆ ನಾನು ವಿಜ್ಞಾನದ ಮೇಷ್ಟ್ರೇ ಅಲ್ಲ!" ಎಂದು ಮೇಷ್ಟರು ಊಟದ ಮೇಜನ್ನು ಗುದ್ದಿ ಘೋಷಿಸಿದರು. ಲೋಟ ಹಾರಿತು, ಚಮಚ ಹಾರಿತು. ಹೆಂಡತಿ ಮಾತ್ರ ಕದಲಲಿಲ್ಲ.

"ಮೂಗಿನ ಸುದ್ದಿ ನೀವು ಎತ್ತಬೇಡಿ," ಎಂದಳು. "ಹಾಲು ಸೀದು ಕರಕಲಾಗಿದೆ. ಒಲೆ ಪಕ್ಕದಲ್ಲೇ ನಿಂತು ಭಾಷಣ ಅಭ್ಯಾಸ ಮಾಡ್ತಿದ್ರಲ್ಲ, ಗೊತ್ತಾಯ್ತಾ?"

"ವಿಚಾರದಲ್ಲಿ ಮುಳುಗಿದ್ದೆ ಕಣೆ."

"ಪಾತ್ರೆ ತಳ ತೂತು ಬೀಳೋವರೆಗೂ ಮುಳುಗಿದ್ರಿ! ಹೆಡ್ ಮೇಡಂಗೆ ಹೇಳಿಬಿಡಿ ಅಂದ್ರೆ ಕೇಳಲ್ಲ."

ಹೇಳುವುದೇನೆಂದರೆ, ಮೇಷ್ಟರಿಗೆ ಮೂಗಿತ್ತು, ಕೆಲಸಕ್ಕೆ ಬರುತ್ತಿರಲಿಲ್ಲ. ಒಂದು ಕೆಟ್ಟ ಜ್ವರ ಬಂದು ಹೋಗುವಾಗ ವಾಸನೆಯನ್ನು ಜೊತೆಗೆ ಕರೆದುಕೊಂಡು ಹೋಗಿತ್ತು. ಉಸಿರಾಟಕ್ಕೆ, ಕನ್ನಡಕ ಕೂರಿಸುವುದಕ್ಕೆ ಆ ಮೂಗು ಸಾಕಿತ್ತು. ಆದರೆ ಪ್ರಯೋಗಾಲಯ ನಡೆಸುವವರಿಗೆ ಕಣ್ಣು, ಕಿವಿ, ಮೂಗು ಮೂರೂ ಸರಿಯಿರಬೇಕು ಎಂದು ಇಲಾಖೆಯ ನಿಯಮ. ಗೊತ್ತಾದರೆ ಮೇಷ್ಟರನ್ನು ಎತ್ತಿ ಕಚೇರಿಯ ಕಡತಗಳ ನಡುವೆ ಒಗೆಯುತ್ತಾರೆ. ಏಳನೇ ತರಗತಿಯ ಮಕ್ಕಳಿಗೆ ಬೆಳಕು, ಶಾಖ, ಕಾಂತ ಎಂದು ಹೇಳಿಕೊಡುವುದು ಬಿಟ್ಟರೆ ಈ ಭೂಮಿಯ ಮೇಲೆ ಮೇಷ್ಟರಿಗೆ ಬೇರೇನೂ ಬರುತ್ತಿರಲಿಲ್ಲ. ಆ ಭಯಕ್ಕೆ ಅವರಿಗೆ ರಾತ್ರಿ ನಿದ್ದೆಯೂ ಸರಿಯಾಗಿ ಹತ್ತುತ್ತಿರಲಿಲ್ಲ.

ಇಂಥವರಿಗೆ ಇನ್‌ಸ್ಪೆಕ್ಟರ ಮುಂದೆ ಮಾಡಲು ಸಿಕ್ಕ ಪಾಠವಾದರೂ ಯಾವುದು? ವಿಸರಣೆ! ಅಂದರೆ, ಒಂದು ಮೂಲೆಯಲ್ಲಿ ಸೆಂಟಿನ ಸೀಸೆ ತೆರೆದರೆ ವಾಸನೆಯ ಕಣಗಳು ಮೆಲ್ಲಗೆ ಕೋಣೆಯೆಲ್ಲ ಹರಡುತ್ತವೆ ಎಂದು ತೋರಿಸುವ ಪಾಠ. ವಾಸನೆ ಬಂದವರು ಕೈ ಎತ್ತಬೇಕು. ಮೊದಲು ಮುಂದಿನ ಸಾಲು, ಆಮೇಲೆ ಅದರ ಹಿಂದಿನದು, ಕೊನೆಗೆ ಕಟ್ಟಕಡೆಯದು. ಕೈಗಳು ಸಾಲುಸಾಲಾಗಿ ಏಳುವುದನ್ನು ನೋಡಿದರೆ ಕಣಗಳ ಮೆರವಣಿಗೆಯನ್ನೇ ಕಂಡಂತಾಗಬೇಕು!

ಮೇಷ್ಟರು ವಾರವಿಡೀ ಇದೇ ತಾಲೀಮು ನಡೆಸಿದ್ದರು. ಹೆಂಡತಿಗೆ ಹೇಳದೆ ಅವಳ ಅಲಮಾರಿಯಿಂದ ನೀಲಿ ಗಾಜಿನ ಸೆಂಟಿನ ಸೀಸೆ ಎತ್ತಿಕೊಂಡು ಹೋಗಿದ್ದರು. ಅದರಲ್ಲಿ ಸೆಂಟು ಮುಗಿದು ಯಾವ ಕಾಲವಾಗಿತ್ತೋ! ಸೀಸೆ ಚೆಂದವಿದೆಯೆಂದು ಅವಳು ನೀರು ತುಂಬಿಟ್ಟಿದ್ದಳು. ಮೇಷ್ಟರಿಗೆ ಅದು ತಿಳಿಯುವ ದಾರಿಯಾದರೂ ಎಲ್ಲಿತ್ತು? ದಿನಾ ಬಿರಡೆ ತೆಗೆಯುವರು, "ಬಂತಾ? ಬಂತಾ?" ಎಂದು ಕಣ್ಣರಳಿಸಿ ಕೇಳುವರು. ಮೊದಲ ದಿನ ಯಾರೂ ಕೈ ಎತ್ತಲಿಲ್ಲ. ಮೇಷ್ಟರ ಮುಖ ಬಾಡಿಹೋಯಿತು. "ಗಮನವಿಟ್ಟು ಮೂಸಿ ನೋಡ್ರೋ, ಬರಲೇಬೇಕು!" ಎಂದು ಗದರಿದರು. ಎರಡನೆಯ ದಿನ ಮುಂದಿನ ಸಾಲು ಎತ್ತಿತು. ಮೂರನೆಯ ದಿನದಿಂದ ಎಲ್ಲ ಸಾಲುಗಳೂ ಗಡಿಯಾರದ ಮುಳ್ಳಿನ ಹಾಗೆ ತಪ್ಪದೆ ಎತ್ತತೊಡಗಿದವು. ವಿಜ್ಞಾನ ಗೆದ್ದಿತ್ತು!

ಕೊನೆಯ ಸಾಲಿನಲ್ಲೊಬ್ಬಳು ಹುಡುಗಿಯಿದ್ದಳು. ಅವಳ ಅಡ್ಡಹೆಸರೇ ಪ್ರಶ್ನೆಪತ್ರಿಕೆ. "ಸಾರ್, ವಾಸನೆ ಬರ್ಲಿಲ್ಲ ಅಂದ್ರೆ?" ಎಂದು ಅವಳು ಕೇಳಿದ್ದಳು.

"ನಿನ್ನ ಮೂಗು ಕೆಟ್ಟಿದೆ ಅಂತ ಅರ್ಥ!" ಎಂದು ಮೇಷ್ಟರು ನಗುತ್ತ ಅವಳ ಬಾಯಿ ಮುಚ್ಚಿಸಿದ್ದರು. ತರಗತಿಯೆಲ್ಲ ಘೊಳ್ಳೆಂದು ನಕ್ಕಿತ್ತು.

ಆ ದಿನ ಬಂತು. ಮೇಷ್ಟರು ಬೆಳಿಗ್ಗೆಯೇ ಪ್ರಯೋಗಾಲಯಕ್ಕೆ ಹೋಗಿ ಎಲ್ಲವನ್ನೂ ಅಣಿಮಾಡಿದರು. ಗಾಳಿಯಾಡಿದರೆ ಪ್ರಯೋಗ ಕೆಡುತ್ತದೆಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದರು. ಪಾಠದ ಎರಡನೆಯ ಭಾಗಕ್ಕೆ ಬಿಸಿನೀರು ಬೇಕಲ್ಲ, ಬಿಸಿಯಲ್ಲಿ ಕಣಗಳು ಬೇಗ ಓಡುತ್ತವೆಂದು ತೋರಿಸಲು? ಅದಕ್ಕೆ ಹಿಂದಿನ ಮೇಜಿನ ಬಳಿ ಗ್ಯಾಸ್ ಸಿಲಿಂಡರಿನ ತಿರುಪು ತೆರೆದಿಟ್ಟರು. ಸೋರಿಕೆಯಿದೆಯೇ ಎಂದು ಸಿಲಿಂಡರಿನಿಂದ ಒಲೆಗೆ ಹೋಗುವ ರಬ್ಬರ್ ನಳಿಕೆಯನ್ನು ಉದ್ದಕ್ಕೂ ಮೂಸಿ ನೋಡುವುದು ಆ ಶಾಲೆಯ ಪದ್ಧತಿ. ಮೇಷ್ಟರು ಪದ್ಧತಿ ಬಿಡುವವರಲ್ಲ. ಬಗ್ಗಿ, ಈ ತುದಿಯಿಂದ ಆ ತುದಿಯವರೆಗೆ ಭಕ್ತಿಯಿಂದ ಮೂಸಿದರು. ಏನೂ ವಾಸನೆಯಿಲ್ಲ. ಎಲ್ಲ ಸುಸೂತ್ರ! ನಳಿಕೆ ಮಾತ್ರ ನಡುವೆ ಬಿರುಕು ಬಿಟ್ಟಿತ್ತು.

ಮಕ್ಕಳು ಬಂದು ಕೂತರು. ಇನ್‌ಸ್ಪೆಕ್ಟರು ಬಾಗಿಲ ಬಳಿ, ಮುಂದಿನ ಸಾಲಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡರು. ನಗು ಎಂಬುದನ್ನು ಪುಸ್ತಕದಲ್ಲಿ ಓದಿ ಮಾತ್ರ ಗೊತ್ತಿರುವಂಥ ಮುಖ. ಮೇಷ್ಟರು ನೀಲಿ ಸೀಸೆಯನ್ನು ಎತ್ತರಕ್ಕೆ ಹಿಡಿದು ಗಂಭೀರವಾಗಿ ಬಿರಡೆ ತೆಗೆದರು.

"ವಾಸನೆ ಬಂದವರು ಕೈ ಎತ್ತಿ!"

ಕೊನೆಯ ಸಾಲು ಪೂರ್ತಿ ಕೈ ಎತ್ತಿತು.

ಮೇಷ್ಟರ ಎದೆ ಝಲ್ಲೆಂದಿತು. ಕಣಗಳು ಮುಂದಿನವರನ್ನು ಬಿಟ್ಟು ಹಿಂದಕ್ಕೆ ಹಾರುವುದುಂಟೆ? "ಇಳಿಸಿ!" ಎಂದು ಹಲ್ಲು ಕಚ್ಚಿ ಗದರಿದರು. "ಏನವಸರ ನಿಮಗೆ? ನಿಮ್ಮ ಸರದಿ ಆಮೇಲೆ!"

ಕೈಗಳು ಇಳಿದವು.

"ಸಾರ್..." ಎಂದಳು ಪ್ರಶ್ನೆಪತ್ರಿಕೆ.

"ಇವತ್ತು ಪ್ರಶ್ನೆ ಇಲ್ಲ ಅಂತ ಹೇಳಿದ್ದೆ ತಾನೆ? ಕೂತ್ಕೋ!"

ಈಗ ಮುಂದಿನ ಸಾಲು ಕೈ ಎತ್ತಿತು. ಅದರ ಜೊತೆಗೆ, ತಮಗೊಬ್ಬರಿಗೇ ಬರಲಿಲ್ಲವೆಂದಾದರೆ ಮರ್ಯಾದೆಯಲ್ಲವೆಂದೋ ಏನೋ, ಇನ್‌ಸ್ಪೆಕ್ಟರೂ ಕನ್ನಡಕ ಸರಿಮಾಡಿಕೊಳ್ಳುವವರಂತೆ ಅರ್ಧ ಕೈ ಎತ್ತಿದರು! ಮೇಷ್ಟರ ಜೀವ ಮರಳಿ ಬಂತು. ಎರಡನೆಯ ಸಾಲು ಕೈ ಎತ್ತಿತು, ಮೂರನೆಯದು ಎತ್ತಿತು. ಇನ್‌ಸ್ಪೆಕ್ಟರು ತಲೆದೂಗಿದರು. ಕೆಲಸ ಉಳಿಯಿತು ಎಂದು ಮೇಷ್ಟರಿಗೆ ಕಣ್ಣಲ್ಲಿ ನೀರೇ ಬಂತು.

"ಈಗ ಕೊನೆಯ ಸಾಲು!"

ಕೊನೆಯ ಸಾಲಿನವರು ಎರಡೆರಡು ಕೈ ಎತ್ತಿದರು. ಕೆಲವರು ಕೆಮ್ಮುತ್ತಿದ್ದರು. ಒಬ್ಬಳು ಮೂಗಿಗೆ ಬಟ್ಟೆ ಒತ್ತಿ ಹಿಡಿದಿದ್ದಳು.

"ಒಂದು ಕೈ ಸಾಕು!" ಎಂದು ಉದಾರವಾಗಿ ನಕ್ಕು ಮೇಷ್ಟರು ಹಿಂದಿನ ಮೇಜಿಗೆ ನಡೆದರು. "ಈಗ ಮಕ್ಕಳೇ, ಇದೇ ಕಣಗಳಿಗೆ ಬಿಸಿ ತಗುಲಿದರೆ ಏನಾಗುತ್ತೆ ನೋಡೋಣ!" ಎಂದು ಕಡ್ಡಿಪೆಟ್ಟಿಗೆ ತೆಗೆದು ಕಡ್ಡಿಯೊಂದನ್ನು ಹೊರಗೆಳೆದರು.

ಪ್ರಶ್ನೆಪತ್ರಿಕೆ ಬೆಂಚಿನ ಮೇಲಿಂದ ನೆಗೆದಳು. ಪೆಟ್ಟಿಗೆಯನ್ನೂ ಕಡ್ಡಿಯನ್ನೂ ಅವರ ಕೈಯಿಂದ ಕಸಿದುಕೊಂಡವಳೇ ಬಾಗಿಲತ್ತ ಓಟ ಕಿತ್ತಳು!

"ಏಯ್! ಹಿಡೀರಿ ಅವಳನ್ನ!" ಮೇಷ್ಟರು ಬೆನ್ನು ಹತ್ತಿದರು. ಹಿಡೀರಿ ಎಂದರೆ ಹಿಡಿಯಬೇಕಲ್ಲ? ತರಗತಿಗೆ ತರಗತಿಯೇ ಎದ್ದು ಓಡಿತು. ಇನ್‌ಸ್ಪೆಕ್ಟರೂ ಓಡಿದರು, ಏಕೆಂದು ಅವರಿಗೇ ಗೊತ್ತಿರಲಿಲ್ಲ. ಪಡಸಾಲೆ ದಾಟಿ, ಮೆಟ್ಟಿಲಿಳಿದು, ಆಟದ ಮೈದಾನದ ನಟ್ಟನಡುವೆ ಆ ಹುಡುಗಿ ನಿಂತು ಏದುಸಿರು ಬಿಡುತ್ತ ಹೇಳಿದಳು: "ಗ್ಯಾಸ್ ಸಾರ್! ಗ್ಯಾಸ್ ಸೋರ್ತಿದೆ!"

ಮೇಷ್ಟರು ಮಕ್ಕಳನ್ನು ಅಲ್ಲೇ ನಿಲ್ಲಿಸಿ ಒಬ್ಬರೇ ಹಿಂದಿರುಗಿದರು. ಗ್ಯಾಸ್ ಎಷ್ಟು ತುಂಬಿದೆಯೆಂದು ಆ ಶಾಲೆಯಲ್ಲಿ ತಿಳಿಯಲಾರದ ಒಬ್ಬನೇ ಒಬ್ಬ ಮನುಷ್ಯ ಒಳಗೆ ಹೋದದ್ದು! ಬೆಳಿಗ್ಗೆ ಮೂಗಿಗೆ ಬಾರದ್ದು ಈಗ ಕಿವಿಗೆ ಕೇಳುತ್ತಿತ್ತು, ಸುಸ್ ಎಂದು, ಸಣ್ಣಗೆ, ಬಿಡದೆ. ತಿರುಪು ಮುಚ್ಚಿದರು. ಕಿಟಕಿಗಳನ್ನೆಲ್ಲ ತೆರೆದರು. ಬೆಂಚುಗಳ ಮೇಲೆ ಮಕ್ಕಳ ಚೀಲಗಳು ಬಿದ್ದಿದ್ದವು, ತೆರೆದ ಪುಸ್ತಕಗಳು, ಯಾರದೋ ಅರ್ಧ ತಿಂದ ಬಿಸ್ಕತ್ತು. ಕಡ್ಡಿ ಗೀರಿದ್ದರೆ ಎಂಬ ಯೋಚನೆ ಬಂತು. ಅವರು ಅದನ್ನು ಮುಂದುವರಿಸಲಾರದೆ ಹೋದರು.

ಮೇಷ್ಟರು ಮೈದಾನಕ್ಕೆ ಮರಳಿದರು. "ಬಾಯಿಬಿಟ್ಟು ಹೇಳಬಾರದಿತ್ತೇನ್ರೋ?" ಎಂದು ಕೇಳಿದರು. ಬೈಗುಳವಾಗಬೇಕಾದ ಮಾತು ಅಳುವಿನ ಹಾಗೆ ಬಂತು.

"ಕೈ ಎತ್ತಿದ್ವಿ ಸಾರ್," ಎಂದಿತು ಕೊನೆಯ ಸಾಲು. "ನೀವು ಇಳಿಸಿ ಅಂದ್ರಿ."

ಮೇಷ್ಟರು ಮುಂದಿನ ಸಾಲಿನವರತ್ತ ತಿರುಗಿದರು. "ಮತ್ತೆ ನಿಮಗೆ ಬಂದಿದ್ದು ಸೆಂಟಿನ ವಾಸನೆ ತಾನೆ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆ ಸೀಸೆಯಿಂದ ಯಾವತ್ತೂ ಏನೂ ಬಂದಿಲ್ಲ ಸಾರ್," ಎಂದ ಒಬ್ಬ ಮೆಲ್ಲಗೆ. "ಬರ್ಲಿಲ್ಲ ಅಂದ್ರೆ ನಿಮ್ಮ ಮುಖ ಒಂಥರಾ ಆಗ್ತಿತ್ತು. ಅದಕ್ಕೇ ಎತ್ತಿದ್ವಿ."

ಅವರ ಹಿಂದೆ ನಿಂತಿದ್ದ ಕುಳ್ಳ ಹುಡುಗಿಯೊಬ್ಬಳು ಬಿಕ್ಕತೊಡಗಿದಳು. "ನಂಗೆ ನನ್ನ ಮೂಗೇ ಕೆಟ್ಟೋಗಿದೆ ಅಂತ ಭಯ ಆಗಿತ್ತು ಸಾರ್. ಎಲ್ರೂ ಎತ್ತುತ್ತಿದ್ರಲ್ಲ. ಗೊತ್ತಾದ್ರೆ ಸ್ಕೂಲಿಂದ ತೆಗೆದುಹಾಕ್ತಾರೇನೋ ಅಂತ ಮನೇಲೂ ಹೇಳಿಲ್ಲ. ರಾತ್ರಿ ನಿದ್ದೇನೂ ಬರ್ತಿರ್ಲಿಲ್ಲ."

ಮೇಷ್ಟರು ಇನ್‌ಸ್ಪೆಕ್ಟರ ಕಡೆ ಒಮ್ಮೆ ನೋಡಿದರು. ಸುಮ್ಮನಿದ್ದರೆ ಕೆಲಸ ಉಳಿದರೂ ಉಳಿದೀತು, ತಪ್ಪನ್ನು ನಳಿಕೆಯ ತಲೆಗೆ ಕಟ್ಟಬಹುದು. ಅವರು ಆ ಹುಡುಗಿಯ ಮುಂದೆ ಮಂಡಿಯೂರಿ ಕೂತರು.

"ನಿನ್ನ ಮೂಗು ಚೆನ್ನಾಗಿದೆ ಕಣಮ್ಮ," ಎಂದರು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಎಲ್ಲರದ್ದೂ ಚೆನ್ನಾಗಿದೆ. ಕೆಟ್ಟಿರೋದು ನಂದು. ಜ್ವರ ಬಂದಾಗಿನಿಂದ ನಂಗೆ ಏನೂ ವಾಸನೆ ಗೊತ್ತಾಗಲ್ಲ. ನಿಮಗೆ ಹೇಳಲಿಲ್ಲ."

ಮೇಷ್ಟರು ತಲೆ ತಗ್ಗಿಸಿ ತೀರ್ಪಿಗೆ ಕಾದರು. ಇನ್‌ಸ್ಪೆಕ್ಟರು ಹತ್ತಿರ ಬಂದರು, ಸುತ್ತ ನೋಡಿದರು, ಬಗ್ಗಿ ಅವರ ಕಿವಿಯಲ್ಲಿ ಪಿಸುಗುಟ್ಟಿದರು:

"ಹಾಗಾದ್ರೆ ಮೇಷ್ಟ್ರೇ... ನನ್ನ ಮೂಗೂ ಸರಿ ಇದೆ ಅಂತೀರಾ?"