ಕೆಂಪಾಗಲೊಲ್ಲದ ಟೊಮೆಟೊ

ಮುಂಡಾಜೆಯ ಅಜ್ಜಿಯ ಹಿತ್ತಲಲ್ಲಿ ಹಳದಿ ಟೊಮೆಟೊ ಇತ್ತೋ ಇಲ್ಲವೋ, ದೇವರಾಣೆ ನನಗೆ ಸರಿಯಾಗಿ ಗೊತ್ತಿಲ್ಲ. ಇತ್ತೆಂದೇ ನೆನಪು. ಆದರೆ ನೆನಪೆಂಬುದು ಹೊರಗೆ ತೆಗೆದಾಗಲೆಲ್ಲ ಸ್ವಲ್ಪ ಬಣ್ಣ ಬಳಿಸಿಕೊಂಡೇ ಒಳಗೆ ಹೋಗುವ ವಸ್ತು. ವಿಶ್ವವಿದ್ಯಾನಿಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿತವನು ನಾನು. ಈಗ ಕನ್ನಡಕ ಎಲ್ಲಿಟ್ಟೆನೆಂಬುದರಲ್ಲೂ ಸಂಶಯ. ಹಾಗೆಂದು ಹೆಂಡತಿ ಸುಮತಿಯೆದುರು ಅದನ್ನು ತೋರಿಸಿಕೊಳ್ಳಲಿಕ್ಕಾಗುತ್ತದೆಯೇ? ವಿಟ್ಲದ ದೊಡ್ಡಮ್ಮ ಬೂದಿ ಕಲಸಿ ಗೋಡೆಗೆ ಹಚ್ಚಿಟ್ಟಿದ್ದ ಬೀಜವನ್ನು ಕೆರೆದು ಕೊಟ್ಟಿದ್ದರು. ಅದನ್ನು ಮೂಡುಬಿದಿರೆಯ ನಮ್ಮ ಮನೆಗೆ ತಂದು "ಅಜ್ಜಿಯ ತಳಿ" ಎಂದು ಘೋಷಿಸಿಬಿಟ್ಟೆ.

ಗಿಡ ಬೆಳೆಯಿತು, ಕಾಯಿ ಹಳದಿಗೆ ತಿರುಗಿತು. ಕೆಂಪಾಗಲೆಂದು ಸುಮತಿ ಕಾದಳು. ಕಾದದ್ದೆಲ್ಲ ಮೆತ್ತಗಾಗಿ ನೆಲಕ್ಕೆ ಬಿತ್ತು. ಪಕ್ಕದ ಮನೆಯ ಶೀನಣ್ಣ ಬೇಲಿಯಾಚೆಯಿಂದ ಬಗ್ಗಿ ನೋಡಿ, "ಎಂತ ಮಾರಾಯ್ರೆ, ಟೊಮೆಟೊಗೆ ಕಾಮಾಲೆಯಾ? ಸ್ವಲ್ಪ ನೆಲನೆಲ್ಲಿ ಅರೆದು ಕುಡಿಸಿ," ಎಂದರು.

"ನಿಮ್ಮ ಅಜ್ಜಿಯ ಹಿತ್ತಲಲ್ಲಿ ಹಳದಿ ಇದ್ದದ್ದು ಸೌತೆಕಾಯಿ," ಎಂದಳು ಸುಮತಿ. "ಭಾನುವಾರ ಇದನ್ನು ಕಿತ್ತು ಬಸಳೆ ನೆಡುವ."

"ಮೊದಲು ನನ್ನನ್ನು ಕೀಳು!"

"ನೀವು ಬೇರು ಬಿಟ್ಟದ್ದು ಕುರ್ಚಿಯಲ್ಲಿ. ಅಲ್ಲಿ ಬಸಳೆ ಬರುವುದಿಲ್ಲ."

ನಾನು ಬಗ್ಗಲಿಲ್ಲ. ಕೆಂಪಾದರೆ ಮಾತ್ರ ಹಣ್ಣೆಂದು ತೀರ್ಮಾನಿಸಿದವರು ಯಾರು? ಬಾಳೆಹಣ್ಣು ಹಳದಿಯಾದರೆ ಒಪ್ಪುವವರು ಟೊಮೆಟೊಗೆ ಮಾತ್ರ ಯಾಕೆ ಈ ಕಟ್ಟಳೆ ಹಾಕಬೇಕು? ನಾನೇ ಕೊಯ್ದೆ, ನಾನೇ ಸಾರು ಮಾಡಿದೆ, ನಾನೇ ಉಂಡೆ. "ಅಜ್ಜಿಯ ಸಾರಿನದ್ದೇ ರುಚಿ! ನಾಲಿಗೆ ಮರೆಯುವುದಿಲ್ಲ," ಎಂದು ಅಡುಗೆಮನೆಗೆ ಕೇಳುವ ಹಾಗೆ ಹೇಳಿದೆ. ಹೌದೋ ಅಲ್ಲವೋ, ಯಾರಿಗೆ ಗೊತ್ತು?

ಶನಿವಾರ ಸಂಜೆ ಸುಮತಿ ಬಸಳೆಯ ದಂಟು ತಂದು ನೀರಲ್ಲಿಟ್ಟಳು. ಇನ್ನು ತಡಮಾಡಿದರೆ ಗಿಡ ಉಳಿಯುವುದಿಲ್ಲವೆಂದು ದೊಡ್ಡಮ್ಮನಿಗೆ ಫೋನು ಮಾಡಿ, ಸುಮತಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ, ಅಜ್ಜಿಯ ಟೊಮೆಟೊ ಯಾವ ಬಣ್ಣದ್ದೆಂದು ವಿಚಾರಿಸಿದೆ.

"ಹಳದಿಯೇ ಮಗಾ. ನಮ್ಮ ಅಮ್ಮ ನೆಡುತ್ತಿದ್ದದ್ದರ ಬೀಜವೇ ಅದು," ಎಂದರು ದೊಡ್ಡಮ್ಮ. ನಾನು ಎದೆಯುಬ್ಬಿಸಿ ಸುಮತಿಯನ್ನು ನೋಡಿದೆ. ದೊಡ್ಡಮ್ಮ ಮುಗಿಸಿರಲಿಲ್ಲ. "ಆದರೆ ನೀನು ಒಂದು ಚಮಚವೂ ಬಾಯಿಗೆ ಇಟ್ಟವನಲ್ಲ. ಹಣ್ಣಾಗದ್ದರ ಸಾರು ಬೇಡ ಅಂತ ಒಂದೇ ರಂಪ. ನಿನಗೊಬ್ಬನಿಗೆ ಅಂಗಡಿಯಿಂದ ಕೆಂಪು ಟೊಮೆಟೊ ತರಿಸಿ ಬೇರೆಯೇ ಸಾರು ಮಾಡ್ತಿದ್ದರು, ಪಾಪ."

ಅಜ್ಜಿಯ ಬೀಜವೆಂದು ತಿಳಿದ ಮೇಲೆ ಕೀಳುವವಳಲ್ಲ ಸುಮತಿ. ನಕ್ಕು ನಕ್ಕು ಸುಸ್ತಾಗಿ, ದಂಟನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಊರಿದಳು. ನನ್ನ ನಾಲಿಗೆಯ ವಿಷಯದಲ್ಲಿ ಯಾರು ಏನು ಬೇಕಾದರೂ ಹೇಳಿಕೊಳ್ಳಲಿ. ಅಜ್ಜಿಯ ಟೊಮೆಟೊ ಹಳದಿಯೇ. ಇದನ್ನು ನಾನು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.