ವಿಕ್ರಮೋತ್ತುಂಗನ ಜ್ವರ

ಮೊಮ್ಮಗನಿಗೆ ನಾನೇ ಹೆಸರಿಡುತ್ತೇನೆ, ಅದೂ ಶುದ್ಧ ಸಂಸ್ಕೃತದಲ್ಲಿ, ಎಂದು ಘೋಷಿಸಿದಾಗ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಜಾವಾದ ಯೋಗ್ಯಕರ್ತದ ವಿಶ್ವವಿದ್ಯಾಲಯದಲ್ಲಿ ಆಯುಷ್ಯವಿಡೀ ಸಂಸ್ಕೃತ ಕಲಿಸಿದವಳ ಎದುರು ಎತ್ತುವುದಾದರೂ ಹೇಗೆ? ನಮ್ಮವರ ಬಾಯಿಗೆ ಬಿದ್ದ ಸಂಸ್ಕೃತದ ಗತಿ ನನಗೆ ಗೊತ್ತು. 'ವಿಚಾರ' ಇಲ್ಲಿ 'ಬಿಚಾರ'ವಾಗಿ ಬರೀ ಮಾತಾಗಿದೆ. ಯೋಚನೆ ದಾರಿಯಲ್ಲೆಲ್ಲೋ ಸಮುದ್ರಕ್ಕೆ ಬಿತ್ತು. 'ಸ್ವಾಮಿ' ಎಂದರೆ ಗಂಡ, ಅಷ್ಟೇ; ನಮ್ಮ ಮನೆಯಲ್ಲಿ ಅದಕ್ಕಿಂತಲೂ ಕಡಿಮೆ. ಮೊಮ್ಮಗನಿಗೆ ಆ ಗತಿ ಬೇಡವೆಂದು ಅನಂತಜಯ ವಿಕ್ರಮೋತ್ತುಂಗ ಎಂದು ಇಟ್ಟೆ.

ವಿಕ್ರಮೋತ್ತುಂಗನಿಗೆ ಜ್ವರ ಬಂತು. ಇಳಿಯಿತು. ಮತ್ತೆ ಬಂತು. ವೈದ್ಯರು ಶೀತ ಎಂದರು. ಬೀದಿಯವರು ಬೇರೆಯೇ ಹೇಳಿದರು: ಹೆಸರು ಭಾರವಾಗಿದೆ, ಕೂಸಿಗೆ ಹೊರಲಾಗುತ್ತಿಲ್ಲ, ಹಗುರವಾದದ್ದು ಇಡಿ.

ಅಂದಿನಿಂದ ನನಗೆ ಅನುಮಾನ. ನಾನು ಒಳಗೆ ಕಾಲಿಟ್ಟರೆ ಸೊಸೆ ವಿಗಾತಿಯ ಮಾತು ನಿಲ್ಲುತ್ತಿತ್ತು. ಗಂಡ ಸುವಂದೊ ತಾಳೆಬೆಲ್ಲ ತಂದು ಅಕ್ಕಿಡಬ್ಬದ ಹಿಂದೆ ಅಡಗಿಸಿದ್ದು ಕಂಡೆ. ಸಂಸ್ಕೃತದ 'ಛುರಿಕೆ', ಅಂದರೆ ಚೂರಿ, ನಮ್ಮಲ್ಲಿ 'ಚುರಿಗ'ವಾಗಿ ಅನುಮಾನ ಎಂಬ ಅರ್ಥ ಪಡೆದಿದೆ. ಅದು ಹೇಗೆ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಈಗ ಬಂದು ಕೇಳಲಿ.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಪಾತ್ರೆಗಳ ಮುಚ್ಚಳ ಎತ್ತಿದೆ. ಒಂದರಲ್ಲಿ ಬಿಳಿ ಗಂಜಿ, ಇನ್ನೊಂದರಲ್ಲಿ ಬೆಲ್ಲ ಹಾಕಿದ ಕೆಂಪು ಗಂಜಿ. ನಮ್ಮಲ್ಲಿ ಮಗುವಿನ ಹೆಸರು ಬದಲಿಸುವಾಗ ಹಂಚುವ ಗಂಜಿ.

“ಇದೇನಮ್ಮ?”

“ತಿಂಡಿ, ಅತ್ತೆ.”

“ಎರಡು ಬಣ್ಣದ್ದು?”

“ಮಾವಂಗೆ ಬಿಳೀದು ಸಪ್ಪೆ ಅನ್ಸುತ್ತೆ ಅಂತ...”

ಅವಳ ಮಾವ ಕಿಟಕಿಯಾಚೆ, ಆಗಲೇ ಒರೆಸಿದ್ದ ಹಕ್ಕಿಪಂಜರವನ್ನು ಮತ್ತೆ ಒರೆಸುತ್ತಿದ್ದರು.

“ನನ್ನ ಬೆನ್ನ ಹಿಂದೆ ಮಗೂಗೆ ಏನಂತ ಹೆಸರಿಟ್ರಿ? ಬಾಯಿ ಬಿಡಿ.”

“ನಿನ್ನ ಬೆನ್ನ ಹಿಂದೆ ಹೆಸರಿಟ್ಟು ಈ ಮನೇಲಿ ಬದುಕೋಕಾಗುತ್ತೇನೆ?” ಎಂದರು ಸುವಂದೊ ಅಲ್ಲಿಂದಲೇ.

ಅಷ್ಟರಲ್ಲಿ ಮಗು ಚೀರಿತು. ನಾನೇ ಎತ್ತಿಕೊಂಡು ಕೋಣೆಯ ಬಾಗಿಲು ಹಾಕಿದೆ. ಮೈ ಸುಡುತ್ತಿತ್ತು. “ಅನಂತಜಯ ವಿಕ್ರಮೋತ್ತುಂಗ” ಎಂದೆ. ಚೀರಾಟ ಉತ್ತುಂಗಕ್ಕೇರಿತು. ಸುತ್ತ ಯಾರೂ ಇರಲಿಲ್ಲ. ಕೇವಲ ಶಾಸ್ತ್ರೀಯ ಪರೀಕ್ಷೆಗಾಗಿ, ಮೂಢನಂಬಿಕೆ ಸುಳ್ಳೆಂದು ತೋರಿಸಲು, ಅದರ ಕಿವಿಯಲ್ಲಿ ಹಳ್ಳಿಗಾಡಿನ ಹೆಸರೊಂದನ್ನು ಉಸುರಿದೆ: “ಬೆಜೊ.” ಅದೃಷ್ಟವಂತ ಎಂಬ ಅಚ್ಚ ಜಾವಾ ಮಾತು, ಸಂಸ್ಕೃತದ ಸೋಂಕೇ ಇಲ್ಲ.

ಮಗು ಅಳು ನಿಲ್ಲಿಸಿ ನನ್ನನ್ನೇ ನೋಡಿತು.

“ಬೆಜೊ, ಬೆಜೊ.”

ನಕ್ಕಿತು.

ಬಾಗಿಲು ತೆರೆಯಿತು. ಸುವಂದೊ ಎರಡೂ ಗಂಜಿಯ ಬಟ್ಟಲು ಹಿಡಿದು ನಿಂತಿದ್ದರು.

“ಭಾರದ ಹೆಸರಿಟ್ಟವರೇ ಅದನ್ನ ಇಳಿಸ್ಬೇಕು ಕಣೇ. ನಿನ್ನ ಹೇಗೆ ಒಪ್ಸೋದು ಅಂತಲೇ ನಾವಿಬ್ಬರೂ ಪಿಸುಗುಟ್ತಿದ್ದಿದ್ದು.”

ಆಮೇಲೆ ಬೀದಿಗೂ ಕೇಳುವ ಹಾಗೆ ಅಡುಗೆಮನೆಯತ್ತ ಕೂಗಿದರು: “ವಿಗಾತಿ, ಗಂಜಿ ಹಂಚಮ್ಮ. ಪ್ರೊಫೆಸರಮ್ಮನೋರು ಬೆಜೊ ಅಂತ ಇಟ್ಟಿದ್ದಾರೆ.”