ಮಣ್ಣು ಮುಟ್ಟದ ಬದನೆಗಿಡ ಸಾಹೇಬರ ಸನ್ನಿಧಿಗೆ

ಲಿಂಗಸುಗೂರು, 1951ನೆಯ ಇಸವಿ, ಮಾಘದ ಒಂದು ಬುಧವಾರ

ಹಿತ್ತಿಲ ಕಟ್ಟೆಯ ಮೇಲೆ, ಸೀಳಿದ ಚಿಮಣಿ ಎಣ್ಣೆ ಡಬ್ಬಿಯೊಳಗೆ, ಕಲ್ಲುಹರಳಿನ ಗಾದಿಯಲ್ಲಿ ವಿರಾಜಮಾನರಾದ ಬದನೆಗಿಡ ಸಾಹೇಬರಿಗೆ ಮಿಡ್ಲ್ ಸ್ಕೂಲ್ ಮಾಸ್ತರ ಮರಿಸ್ವಾಮಿ ಬಗ್ಗಿ ಮಾಡುವ ಸಲಾಮುಗಳು.

ಮಾನ್ಯರೇ,

ಜಾಗೀರುಗಳೆಲ್ಲ ರದ್ದಾದವು, ನೆಲಕ್ಕೆ ಕಾಲಿಡದೆ ಕುಳಿತು ಉಣ್ಣುವವರ ಕಾಲ ತೀರಿತು ಎಂದು ಊರೆಲ್ಲ ಹೇಳುತ್ತಿರುವಾಗ, ನಮ್ಮ ಹಿತ್ತಿಲಲ್ಲೇ ಒಬ್ಬ ಜಾಗೀರದಾರರು ಉಳಿದಿರುವುದು ನನ್ನ ಭಾಗ್ಯವೇ ಸರಿ. ಮಣ್ಣಿಲ್ಲದೆ ಬೆಳೆ ತೆಗೆಯುವ ಪುಸ್ತಕವನ್ನು ಹೈದರಾಬಾದಿನಿಂದ ತರಿಸಿ, ಪೆಟ್ಲುಪ್ಪು, ಭೇದಿಯುಪ್ಪುಗಳನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ, ನೀರಿನಲ್ಲಿ ಕರಗಿಸಿ ತಮಗೆ ಬಡಿಸಿದ್ದೇನೆ. ನನ್ನ ಸಾರಿಗೆ ಉಪ್ಪು ಕಮ್ಮಿಯಾದ ದಿನ ನಮ್ಮ ಮನೆಯಲ್ಲಿ ಯಾರೂ ತಕ್ಕಡಿ ಹುಡುಕಿಲ್ಲ.

ಜವಳಗೇರಾ ಊರಿನ ಬೀಗರಾದ ಸೂಗಪ್ಪನವರು ತಮ್ಮೆದುರೇ ನಿಂತು, "ಮಾಸ್ತರ್, ನೀರಾಗ ಮೀನ ಬೆಳಿತಾವ, ಬದನಿಕಾಯಿ ಹೆಂಗ ಬೆಳಿತಾವ್ರೀ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ತಮಗೆ ನೆನಪಿರಬೇಕು. ಬಸುರಿ ಮಗಳು ಅಮರಮ್ಮನ ಕುಬುಸದ ದಿನ ಇದೇ ಗಿಡದ ಎಣ್ಣೆಗಾಯಿ ಬಡಿಸುತ್ತೇನೆ, ತಪ್ಪಿದರೆ ಮೀಸೆ ಬೋಳಿಸುತ್ತೇನೆ ಎಂದು ನಾನು ಹತ್ತು ಜನರ ಮುಂದೆ ಬಾಯಿಬಿಟ್ಟೆ. ಇಪ್ಪತ್ತೆರಡು ವರ್ಷದ ಮೀಸೆ, ಸ್ವಾಮಿ! ಕುಬುಸ ನಾಳಿದ್ದು ಶುಕ್ರವಾರ.

ತಮ್ಮ ನೀರು ತುಸುವೇ ಹುಳಿಯ ಕಡೆ ವಾಲಿರಬೇಕಂತೆ. ಅದನ್ನು ನೋಡಲು ಶಾಲೆಯಿಂದ ನೀಲಿ ಲಿಟ್ಮಸ್ ಕಾಗದ ತಂದೆ. ಅದ್ದಿದಾಗ ತಿಳಿಗೆಂಪಾದರೆ ಸರಿ, ಕಡುಗೆಂಪಾದರೆ ಹುಳಿ ಹೆಚ್ಚು, ನೀಲಿಯಾಗಿಯೇ ಉಳಿದರೆ ಸುಣ್ಣ ಹೆಚ್ಚು. ಎರಡು ತಿಂಗಳು ಕಾಗದ ತಿಳಿಗೆಂಪು ಬಿಟ್ಟು ಕದಲಲಿಲ್ಲ. ತಾವು ಸೊಂಪಾಗಿ ಬೆಳೆದು ನಾಲ್ಕು ಹೀಚು ಬಿಟ್ಟಿರಿ, ನಾನು ನನ್ನ ವಿದ್ಯೆಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಓಣಿತುಂಬ ತಿರುಗಿದೆ.

ಕಳೆದ ವಾರ ಗುಟ್ಟು ರಟ್ಟಾಯಿತು. ನನ್ನ ಹೆಂಡತಿ ಗುರುಲಿಂಗಮ್ಮ, "ಮುತ್ತೈದಿ ಮನ್ಯಾಗ ಕಾಗದ ಕುಂಕುಮದಂಗ ಕೆಂಪಿರಬೇಕ್ರೀ" ಎಂದು ದಿನವೂ ಬೆಳಿಗ್ಗೆ ತಮಗೆ ಹುಣಸೆಹಣ್ಣು ಕಿವುಚಿ ಸುರಿಯುತ್ತಿದ್ದಳು. ನನ್ನ ತಾಯಿ ಬಸವಣ್ಣೆಮ್ಮ, ಸೊಸೆ ಸುರಿದದ್ದನ್ನು ಕಂಡೇ, "ಹಡೆದಾಕಿಗೆ ಎಲಿ-ಸುಣ್ಣ ಕೊಡತೀವಿ, ಕಾಯಿ ಹಡಿಯೋ ಗಿಡಕ್ಕ ಯಾಕ ಬ್ಯಾಡ?" ಎಂದು ಸಂಜೆ ತನ್ನ ಎಲೆಯಡಿಕೆ ಚಂಚಿಯ ಸುಣ್ಣ ಕದಡುತ್ತಿದ್ದಳು. ಅತ್ತೆ ಸೊಸೆಯರ ಹಠವನ್ನೇ ತಾವು ಇಷ್ಟು ದಿನ ಉಂಡು ಬೆಳೆದಿದ್ದೀರಿ ಎಂದು ತಿಳಿದಾಗ ನನಗಾದ ಅವಮಾನವನ್ನು ಬರೆಯಲಾರೆ.

ವಿದ್ಯಾವಂತನಾದ ನಾನು ಇಬ್ಬರನ್ನೂ ಗದರಿಸಿ ನಿಲ್ಲಿಸಿದೆ. ನಮ್ಮ ಬಾವಿಯ ಸವಳು ನೀರಿಗೆ ಕಾಗದ ನೀಲಿಯಾಗಿಯೇ ಉಳಿಯಿತು. ಹುಳಿ ತೂಗಿ ಹಾಕಿದರೆ ಕಡುಗೆಂಪು, ಸುಣ್ಣ ತೂಗಿ ಹಾಕಿದರೆ ಮತ್ತೆ ನೀಲಿ. ಮೂರೇ ದಿನಕ್ಕೆ ತಾವು ಎಲೆ ಹಳದಿ ಮಾಡಿಕೊಂಡು ತಲೆ ಬಗ್ಗಿಸಿದಿರಿ. ಕೈಯಳತೆಯ ಆ ಇಬ್ಬರನ್ನು ಮತ್ತೆ ಕರೆಯೋಣವೆಂದರೆ, ನಾನು ಗದರಿಸಿದ ಸಿಟ್ಟಿಗೆ ಅವರು ರಾಜಿಯಾಗಿ, ಒಂದೇ ಮೊರ ಹಿಡಿದು ಜೋಳ ಹಸನು ಮಾಡುತ್ತ, ತಮ್ಮ ಕಡೆ ತಿರುಗಿಯೂ ನೋಡುತ್ತಿಲ್ಲ.

ಆದುದರಿಂದ ತಾವು ಕೃಪೆಮಾಡಿ ನನ್ನ ಮನೆಯ ಶಾಂತಿಯನ್ನು ಕುಡಿದೇ ಬದುಕಲು ಕಲಿಯಬೇಕು. ಆಗದಿದ್ದರೆ ಶುಕ್ರವಾರವನ್ನು ಒಂದು ತಿಂಗಳು ಮುಂದಕ್ಕೆ ಹಾಕಬೇಕು. ಅದೂ ಆಗದಿದ್ದರೆ ಬೀಗರ ಪಂಕ್ತಿಯಲ್ಲಿ ತಾವೇ ಎದ್ದು ನಿಂತು, ಮಾಸ್ತರನದೇನೂ ತಪ್ಪಿಲ್ಲ ಎಂದು ಎರಡು ಮಾತು ಆಡಬೇಕು.

ಮೀಸೆ ಇರುವವರೆಗೆ ತಮ್ಮ ವಿಶ್ವಾಸಿ,
ಮರಿಸ್ವಾಮಿ

ತಾ.ಕ.: ಉಪಾಯಗಾಣದೆ ನಿನ್ನೆ ತಾಯಿಯ ಕಿವಿಯಲ್ಲಿ ಹೆಂಡತಿಯ ಮೇಲೊಂದು, ಹೆಂಡತಿಯ ಕಿವಿಯಲ್ಲಿ ತಾಯಿಯ ಮೇಲೊಂದು ಚಾಡಿ ಹಾಕಿದೆ. ಜಗಳ ಚೆನ್ನಾಗಿ ಹತ್ತಿತು. ಹುಳಿ ಬಿತ್ತು, ಸುಣ್ಣ ಬಿತ್ತು, ಇಂದು ಗುರುವಾರ ಕಾಗದ ತಿಳಿಗೆಂಪಾಗಿ ತಾವು ತಲೆ ಎತ್ತಿದ್ದೀರಿ, ನಾಲ್ಕು ಕಾಯಿಯೂ ಗುಂಡಗಾಗಿವೆ. ಆದರೆ ಜಗಳದ ನಡುವೆ ಇಬ್ಬರೂ ಚಾಡಿಯ ಮೂಲ ಹುಡುಕಿ ಹೊರಟು ನನ್ನಲ್ಲಿಗೇ ಬಂದು ನಿಂತರು. ಎಣ್ಣೆಗಾಯಿ ನಾಳೆ ತಪ್ಪದೆ ಆಗುತ್ತದಂತೆ. ಆದರೆ ಚಾಡಿಯ ದಂಡ ಬೇರೆಯೆಂದು ಹಜಾಮ ಮಲೀಕಸಾಬನನ್ನೂ ಅವರೇ ಕರೆಸಿದ್ದಾರೆ. ತಮ್ಮ ಕಟ್ಟೆಯ ಮೇಲೆಯೇ ಕುಳಿತು ಕತ್ತಿ ಮಸೆಯುತ್ತಿದ್ದಾನೆ.